ಸಿಲಿಂಡರ್ ತಿರುಗುತ್ತಿಲ್ಲವೇ? ಕರಿಮದ್ದಿನ ರಿವಾಲ್ವರ್ ಜಾಮ್ ಬಿಡಿಸುವ ಬಗೆ

ಕರಿಮದ್ದಿನ ರಿವಾಲ್ವರ್‌ನ ಸಿಲಿಂಡರ್ ಯಾವಾಗ ಸಿಕ್ಕಿಕೊಂಡಿತು ಎಂದು ನೆನಪಿಸಿಕೊಂಡರೆ ಕಾರಣದ ಅರ್ಧ ಗುಟ್ಟು ಬಯಲಾದಂತೆ. ಮೊದಲ ಈಡಿಗೇ ನಿಂತರೆ ಅನುಮಾನ ಮದ್ದಿಗೆ ಕಿಡಿ ಕೊಡುವ ಪುಟ್ಟ ತಾಮ್ರದ ಕೇಪಿನ ಮೇಲೆ. ಹನ್ನೆರಡು ಹದಿನೆಂಟು ಈಡು ಹೊಡೆದ ಮೇಲೆ ಬರಬರುತ್ತಾ ಬಿಗಿಯಾದರೆ ಅದು ಮದ್ದಿನ ಕಿಟ್ಟ. ಮನೆಯಲ್ಲಿ ತೊಳೆದು ಜೋಡಿಸಿದ ಮೇಲೆ, ಖಾಲಿ ಇರುವಾಗಲೇ ತಿರುಗದಿದ್ದರೆ ಬೆಣೆಯನ್ನು ನೋಡಬೇಕು. ಒಳಗಿನ ಭಾಗ ಮುರಿದದ್ದು ಎನ್ನುವ ತೀರ್ಮಾನಕ್ಕೆ ಕೊನೆಯಲ್ಲಿ ಬನ್ನಿ.

ಇಲ್ಲಿ ಹೇಳುತ್ತಿರುವುದು ಅಮೆರಿಕದ ಶೂಟಿಂಗ್ ರೇಂಜುಗಳಲ್ಲಿ ಹೆಚ್ಚಾಗಿ ಕಾಣುವ ಎರಡು ಮಾದರಿಗಳ ಬಗ್ಗೆ: ಮೇಲ್ಪಟ್ಟಿ ಇಲ್ಲದ ಕೋಲ್ಟ್ (1851ರ ನೇವಿ, 1860ರ ಆರ್ಮಿ) ಮತ್ತು ಸಿಲಿಂಡರ್ ಮೇಲೆ ಉಕ್ಕಿನ ಪಟ್ಟಿ ಹಾಯ್ದಿರುವ 1858ರ ರೆಮಿಂಗ್ಟನ್. ಇಂದು ಕೈಗೆ ಸಿಗುವವು ಬಹುಪಾಲು ಇಟಲಿಯ ಉಬೆರ್ತಿ, ಪಿಯೆಟ್ಟಾ ಕಂಪನಿಗಳ ಪ್ರತಿಕೃತಿಗಳು. ಅಮೆರಿಕದ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಭಾರತದಲ್ಲಿ ಇವುಗಳಿಗೆ ಪರವಾನಗಿ ಬೇಕೇ ಬೇಕು.

ಮೊದಲು ಕೈ ಬಿಗಿಹಿಡಿಯಿರಿ

ಸಿಕ್ಕಿಕೊಂಡ ಸಿಲಿಂಡರಿನ ಆರೂ ಕೋಣೆಗಳಲ್ಲಿ ಈಡು ಇದೆ ಎಂದೇ ಭಾವಿಸಿ. ನಳಿಗೆ ಗುರಿಯ ಕಡೆಗೇ ಇರಲಿ, ಕನ್ನಡಕ ಕಣ್ಣ ಮೇಲಿರಲಿ. ಹ್ಯಾಮರ್ ಬಿದ್ದೂ ಈಡು ಹಾರದಿದ್ದರೆ ಪೂರ್ತಿ ಒಂದು ನಿಮಿಷ ಕಾಯಿರಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಆಮೇಲೆ ಕೈಗೆಟಕುವ ಕೇಪುಗಳನ್ನು ಮರದ ಕಡ್ಡಿಯಿಂದ ಒಂದೊಂದಾಗಿ ಎಬ್ಬಿಸಿ ತೆಗೆಯಿರಿ. ಕೇಪು ಇರುವ ಸಿಲಿಂಡರಿಗೆ ಸುತ್ತಿಗೆ ಮುಟ್ಟಿಸಬಾರದು. ಕೇಪು ಬರಲೇ ಇಲ್ಲವೆಂದರೆ ರೇಂಜಿನ ಅಧಿಕಾರಿಯನ್ನು ಕರೆಯಿರಿ. ಕೇಪು ತೆಗೆದರೂ ಮದ್ದು, ಗುಂಡು ಒಳಗೇ ಇರುತ್ತವೆ. ಬಿಚ್ಚುವ ಕೆಲಸ ದೊಡ್ಡದಾಗುವಂತಿದ್ದರೆ ಕೇಪು ಕೂರುವ ನಿಪ್ಪಲ್ ಕಳಚಿ, ಆ ತೂತಿನಿಂದ ನೀರು ಬಿಟ್ಟು ಮದ್ದನ್ನು ನೆನೆಸಿಬಿಡಿ.

ಕೇಪಿನ ಚೂರು

ಕೋಲ್ಟ್ ಮಾದರಿಯಲ್ಲಿ ಮುಕ್ಕಾಲು ತಕರಾರು ಇದರದ್ದೇ. ಈಡು ಹಾರಿದಾಗ ನಿಪ್ಪಲ್ ತೂತಿನಿಂದ ಹಿಂದಕ್ಕೆ ನುಗ್ಗುವ ಅನಿಲ ಹ್ಯಾಮರನ್ನು ತುಸು ಎತ್ತುತ್ತದೆ, ತಾಮ್ರದ ಕೇಪು ಒಡೆಯುತ್ತದೆ. ಮುಂದಿನ ಸಲ ಹ್ಯಾಮರ್ ಎಳೆದಾಗ ಆ ಚೂರು ಹ್ಯಾಮರಿನ ಸೀಳಿಗೆ ಬೀಳುತ್ತದೆ, ಇಲ್ಲವೇ ಸಿಲಿಂಡರಿನ ಬೆನ್ನಿಗೂ ಚೌಕಟ್ಟಿಗೂ ನಡುವೆ ಕಚ್ಚಿಕೊಳ್ಳುತ್ತದೆ. ಬಲ ಹಾಕಿ ತಿರುಗಿಸಿದರೆ ಚೂರು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಹ್ಯಾಮರ್ ಅರ್ಧ ಎಳೆತಕ್ಕೆ ಬರುತ್ತಿದ್ದರೆ ಚಿಮಟದಿಂದ ಹಿಡಿದು ತೆಗೆಯಿರಿ. ಹ್ಯಾಮರಿನ ಪಕ್ಕದಿಂದ ಕೆಳಗಿಳಿದಿದ್ದರೆ ಟ್ರಿಗರ್ ಗಾರ್ಡ್ ಬಿಚ್ಚದೆ ದಾರಿಯಿಲ್ಲ. ರೇಂಜಿನ ನಿಯಮ ಒಪ್ಪುವುದಾದರೆ, ನಳಿಗೆಯನ್ನು ಮೇಲಕ್ಕೆ ಮಾಡಿ ಹ್ಯಾಮರ್ ಎಳೆಯುವ ಹಳೆಯ ರೂಢಿಯಿಂದ ಚೂರು ಹೊರಗೆ ಉದುರುವ ಸಾಧ್ಯತೆ ಹೆಚ್ಚು.

ಪದೇ ಪದೇ ಹೀಗಾದರೆ ಅಳತೆ ನೋಡಿ. ಕೇಪುಗಳು ಮುಖ್ಯವಾಗಿ 10 ಮತ್ತು 11ನೇ ನಂಬರಿನಲ್ಲಿ ಬರುತ್ತವೆ, ಆದರೆ ಒಂದು ಕಂಪನಿಯ 10 ಇನ್ನೊಂದರ 10ಕ್ಕೆ ಸಮವಲ್ಲ. ಸಡಿಲ ಕೇಪು ಜಾರಿ ಬೀಳುತ್ತದೆ. ಬಿಗಿ ಕೇಪು ಪೂರ್ತಿ ಕೂರದೆ ಎತ್ತರದಲ್ಲೇ ನಿಂತು ಚೌಕಟ್ಟಿಗೆ ಉಜ್ಜುತ್ತದೆ. ಮೊದಲ ಏಟಿಗೆ ಹಾರದೆ ಎರಡನೆಯದಕ್ಕೆ ಹಾರಿದರೆ ಕೇಪು ಸರಿಯಾಗಿ ಕೂತಿರಲಿಲ್ಲ ಎಂದರ್ಥ. ಪ್ರತಿಯೊಂದನ್ನೂ ಮರದ ಕಡ್ಡಿಯಿಂದ ಒತ್ತಿ ಕೂರಿಸಿ. ಹ್ಯಾಮರಿನಿಂದಲೇ ಒತ್ತುವ ಚಾಳಿ ಬೇಡ. ಮುಖ್ಯ ಸ್ಪ್ರಿಂಗ್ ಬಲಗುಂದಿದ್ದರೂ ಹ್ಯಾಮರ್ ಹೆಚ್ಚು ಎಗರುತ್ತದೆ, ಚೂರುಗಳೂ ಹೆಚ್ಚುತ್ತವೆ.

ಕಿಟ್ಟ

ಕರಿಮದ್ದಿನಲ್ಲಿ ನೂರಕ್ಕೆ 75 ಭಾಗ ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನವಾಗಿಯೇ ಉಳಿಯುತ್ತದೆ. ಅದು ಸಿಲಿಂಡರಿನ ಮುಖಕ್ಕೂ ಅದು ತಿರುಗುವ ನಡುವಿನ ಅಚ್ಚಿಗೂ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಕೋಲ್ಟ್‌ನ ಅಚ್ಚು ದಪ್ಪ, ಅದರ ಮೇಲೆ ಗ್ರೀಸ್ ನಿಲ್ಲಲು ಕೊರೆದ ಗೀರುಗಳಿವೆ. ರೆಮಿಂಗ್ಟನ್ನಿನದು ತೆಳು ಕಡ್ಡಿ, ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದಿಯಿಂದ ನುಗ್ಗುವ ಮಸಿ ನೇರ ಅದರ ಮೇಲೇ ಬೀಳುತ್ತದೆ. ಕೇಪಿನ ಚೂರಿನ ಕಾಟ ಕಡಿಮೆಯಿರುವ ರೆಮಿಂಗ್ಟನ್, ಕಿಟ್ಟಕ್ಕೆ ಮಾತ್ರ ಬೇಗ ಸೋಲುತ್ತದೆ.

ಎರಡು ಮೂರು ಸಿಲಿಂಡರ್ ಖಾಲಿಯಾದ ಮೇಲೆ ರೆಮಿಂಗ್ಟನ್ನಿನ ಅಚ್ಚುಕಡ್ಡಿ ಎಳೆದು, ಒದ್ದೆ ಬಟ್ಟೆಯಿಂದ ಅದನ್ನೂ ಸಿಲಿಂಡರಿನ ಮುಖವನ್ನೂ ಒರೆಸಿ ಮತ್ತೆ ಗ್ರೀಸ್ ಹಚ್ಚಿ. ಮೋಟಾರಿನ ಎಣ್ಣೆ ಹಚ್ಚಿದರೆ ಕಿಟ್ಟದೊಡನೆ ಸೇರಿ ಡಾಂಬರಿನಂತಾಗುತ್ತದೆ. ತೂಕದಲ್ಲಿ ಎರಡು ಪಾಲು ಕುರಿಕೊಬ್ಬು, ಎರಡು ಪಾಲು ಪ್ಯಾರಾಫಿನ್ ಮೇಣ, ಒಂದು ಪಾಲು ಜೇನುಮೇಣ ಸೇರಿಸಿದ ಮಿಶ್ರಣ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ನೇರ ಉರಿಯ ಮೇಲೆ ಕೊಬ್ಬಿಗೆ ಬೆಂಕಿ ಹತ್ತೀತು. ಸೆಕೆಗಾಲಕ್ಕೆ ಜೇನುಮೇಣ ತುಸು ಹೆಚ್ಚಿರಲಿ.

ಮುಂದೆ ಬಂದ ಗುಂಡು

.44ರ ಕೋಣೆಗೆ .451 ಅಥವಾ .454 ಇಂಚಿನ, .36ಕ್ಕೆ .375 ಇಂಚಿನ ಮೆದು ಸೀಸದ ಗುಂಡು ಬೇಕು. ಒತ್ತಿದಾಗ ಕೋಣೆಯ ಬಾಯಲ್ಲಿ ಸೀಸದ ಸಣ್ಣ ಉಂಗುರ ಕತ್ತರಿಸಿ ಉಳಿಯಬೇಕು. ಉಂಗುರ ಬರದಿದ್ದರೆ ಗುಂಡು ಸಡಿಲ ಎಂದೇ ಲೆಕ್ಕ. ಪಕ್ಕದ ಈಡಿನ ಒದೆತಕ್ಕೆ ಅದು ಮುಂದೆ ಸರಿದು ನಳಿಗೆಯ ಬುಡಕ್ಕೆ ತಾಗಿ ಸಿಲಿಂಡರನ್ನು ನಿಲ್ಲಿಸುತ್ತದೆ. ಮದ್ದು ಹೆಚ್ಚು ತುಂಬಿ ಗುಂಡು ಕೋಣೆಯೊಳಗೆ ಇಳಿಯದಿದ್ದರೂ ಇದೇ ಪಾಡು.

ಬೆಣೆ

ಕೋಲ್ಟ್‌ನಲ್ಲಿ ನಳಿಗೆಯನ್ನು ಹಿಡಿದಿಡುವುದು ಅಡ್ಡಲಾಗಿ ಹೊಡೆದ ಒಂದು ಬೆಣೆ. ಅತಿಯಾಗಿ ಬಡಿದರೆ ನಳಿಗೆ ಹಿಂದಕ್ಕೆ ಬಂದು ಸಿಲಿಂಡರಿಗೆ ಒತ್ತುತ್ತದೆ. ಇವೆರಡರ ನಡುವಿನ ಸಂದು 0.1ರಿಂದ 0.2 ಮಿಲಿಮೀಟರ್ ಇದ್ದರೆ ಸರಿ, ಸಂದು ಅಳೆಯುವ ತೆಳು ಪಟ್ಟಿ (ಫೀಲರ್ ಗೇಜ್) ತೂರಿಸಿ ನೋಡಿ. ಬೆಣೆಯನ್ನು ಹಿಂದಕ್ಕೆ ತಟ್ಟಿದ ಕೂಡಲೇ ಸಿಲಿಂಡರ್ ಬಿಟ್ಟುಕೊಂಡರೆ ಕಾರಣ ಸಿಕ್ಕಿತು.

ಆದರೆ ಬೆಣೆಯನ್ನು ದೂರುವ ಮುನ್ನ ಅಚ್ಚಿನ ಉದ್ದ ಪರೀಕ್ಷಿಸಿ. ಉಬೆರ್ತಿಯ ಎಷ್ಟೋ ಪ್ರತಿಕೃತಿಗಳಲ್ಲಿ ಅಚ್ಚಿನ ತುದಿ ನಳಿಗೆಯ ತೂತಿನ ತಳ ಮುಟ್ಟುವುದೇ ಇಲ್ಲ. ಸಿಲಿಂಡರ್ ತೆಗೆದು, ನಳಿಗೆಯನ್ನು ಪಕ್ಕಕ್ಕೆ ಓರೆ ಮಾಡಿ ಅಚ್ಚಿಗೆ ಪೂರ್ತಿ ತೂರಿಸಿ. ನಳಿಗೆಯ ಕೆಳಬುಡ ಚೌಕಟ್ಟಿನ ಅಂಚು ದಾಟಿ ಹಿಂದೆ ಬಂದರೆ ಅಚ್ಚು ಅಷ್ಟು ಗಿಡ್ಡ. ಅಷ್ಟೇ ದಪ್ಪದ ಉಕ್ಕಿನ ಬಿಲ್ಲೆಯನ್ನು ತೂತಿನ ತಳಕ್ಕೆ ಕೂರಿಸಿದರೆ ಬೆಣೆ ಎಷ್ಟು ಬಿಗಿಯಾದರೂ ಸಂದು ಬದಲಾಗದು.

ಒಳಭಾಗ

ಖಾಲಿ ರಿವಾಲ್ವರ್‌ನ ಹ್ಯಾಮರನ್ನು ನಿಧಾನ ಎಳೆಯಿರಿ. ಎಳೆತ ಶುರುವಾಗುತ್ತಲೇ ಸಿಲಿಂಡರನ್ನು ಹಿಡಿದು ನಿಲ್ಲಿಸುವ ಬೋಲ್ಟ್ ಕೆಳಗಿಳಿದು ಸಿಲಿಂಡರಿನ ಕಚ್ಚು ಬಿಡಬೇಕು. ಬಿಡದಿದ್ದರೆ ಬೋಲ್ಟಿನ ಕಾಲು ಸವೆದಿದೆ ಅಥವಾ ಮುರಿದಿದೆ. ನಳಿಗೆ ಕೆಳಗೆ ಮಾಡಿದಾಗ ತಿರುಗಿ, ಮೇಲೆ ಮಾಡಿದಾಗ ತಿರುಗದಿದ್ದರೆ ಸಿಲಿಂಡರನ್ನು ನೂಕುವ ‘ಕೈ’ಯ ಸ್ಪ್ರಿಂಗ್ ಹೋಗಿದೆ. ಎರಡೂ ದುಬಾರಿ ಭಾಗಗಳಲ್ಲ, ಬದಲಿಸಿ. ಕಚ್ಚಿಗೆ ಅರ ಹಾಕಿದರೆ ಸಿಲಿಂಡರೇ ಕೆಡುತ್ತದೆ.

ಜೋಡಿಸಿದ ಮೇಲೆ ನಿಪ್ಪಲ್‌ಗಳ ಮೇಲೆ ಹ್ಯಾಮರ್ ಹೊಡೆಯದಂತೆ ಹೆಬ್ಬೆರಳಲ್ಲಿ ತಡೆದು, ಆರೂ ಕೋಣೆಗಳಿಗೆ ಮಾರ್ಕರಿನಿಂದ ಅಂಕೆ ಹಾಕಿ ಎರಡು ಸುತ್ತು ತಿರುಗಿಸಿ. ಪ್ರತಿ ಸಲ ಒಂದೇ ಅಂಕೆಯಲ್ಲಿ ಬಿಗಿಯಾದರೆ ಆ ಕೋಣೆಯ ನಿಪ್ಪಲ್ ಎತ್ತರವಾಗಿರಬಹುದು, ಇಲ್ಲವೇ ಸಿಲಿಂಡರಿನ ಬೆನ್ನಿನ ಹಲ್ಲಿನಲ್ಲಿ ಮುಳ್ಳೆದ್ದಿರಬಹುದು. ಆರರಲ್ಲೂ ಒಂದೇ ರೀತಿ ಬಿಗಿಯಿದ್ದರೆ ಮತ್ತೆ ಅಚ್ಚು ಮತ್ತು ಸಂದು ನೋಡಿ.