ಟಕ್ ಸದ್ದಿನೊಳಗಿನ ಗೋಡೆ: ಮರುದನಿಯನ್ನು ಹಿಡಿದು, ನಿಧಾನಗೊಳಿಸಿ ಕೇಳುವ ಬಗೆ

ಒಂದು ಮೀಟರ್ ದೂರದ ಗೋಡೆಯ ಎದುರು ನಿಂತು ನಾಲಿಗೆಯಿಂದ ಟಕ್ ಎನ್ನಿಸಿದರೆ, ಆ ಸದ್ದು ಗೋಡೆಗೆ ತಾಗಿ ಕಿವಿಗೆ ಮರಳಲು 6 ಮಿಲಿಸೆಕೆಂಡು ಕೂಡ ಬೇಕಿಲ್ಲ. ಅಷ್ಟು ಬೇಗ ಬಂದ ಸದ್ದನ್ನು ಮಿದುಳು ಬೇರೆಯೆಂದು ಎಣಿಸುವುದಿಲ್ಲ, ಮೊದಲಿನದರಲ್ಲೇ ಸೇರಿಸಿಬಿಡುತ್ತದೆ. ಟಕ್ ಎನ್ನಿಸಿ, ಮರುದನಿಯಿಂದಲೇ ಎದುರಿಗೆ ಏನಿದೆಯೆಂದು ಅರಿಯುವುದನ್ನು ಕಲಿಯುವಾಗ, ನನ್ನ ಬಳಿ ಕಂಪ್ಯೂಟರ್ ಕಲಿಯಲು ಬರುವ ದೃಷ್ಟಿಯಿಲ್ಲದ ಮಕ್ಕಳು "ಮೇಡಂ, ನನಗೇನೂ ಕೇಳಿಸುತ್ತಿಲ್ಲ" ಎಂದು ಕೈಚೆಲ್ಲುವುದು ಇದರಿಂದಲೇ. ಅವರ ಕಿವಿ ಚೆನ್ನಾಗಿಯೇ ಇದೆ. ಯಾವುದಕ್ಕೆ ಕಿವಿಗೊಡಬೇಕೆಂದು ಯಾರೂ ಅವರಿಗೆ ಕೇಳಿಸಿಲ್ಲ, ಅಷ್ಟೆ. ನನಗೂ ದೃಷ್ಟಿಯಿಲ್ಲ, ಇಲ್ಲಿ ಹೇಳುವುದನ್ನೆಲ್ಲ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಮತ್ತು ಕೀಬೋರ್ಡಿನಿಂದಲೇ ಮಾಡುತ್ತೇನೆ.

ಮೊದಲು ಸದ್ದು. ನಾಲಿಗೆಯ ಮುಂಭಾಗವನ್ನು ಅಂಗುಳಿಗೆ ಒತ್ತಿ, ಬಾಯಿ ತುಸು ತೆರೆದು, ಥಟ್ಟನೆ ಕೆಳಗೆಳೆಯಿರಿ. ಅಯ್ಯೋ ಪಾಪ ಎನ್ನುವಾಗ ಹಲ್ಲಿನ ಹಿಂದಿನಿಂದ ಬರುವ ಲೊಚ್ ಸದ್ದು ಇದಕ್ಕೆ ಆಗದು, ಅದು ಎಳೆದುಕೊಳ್ಳುತ್ತದೆ. ಪಳಗಿದವರ ಟಕ್ ಸುಮಾರು 3 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಅದರ ಬಲವೆಲ್ಲ ಹೆಚ್ಚಾಗಿ 2,000ದಿಂದ 4,000 ಹರ್ಟ್ಜ್ ನಡುವೆ ಇರುತ್ತದೆ. ಜೋರಾಗಿರಬೇಕೆಂದಿಲ್ಲ, ಚುರುಕಾಗಿರಬೇಕು, ಪ್ರತಿ ಸಲವೂ ಒಂದೇ ಬಗೆಯಾಗಿರಬೇಕು.

ಧ್ವನಿಮುದ್ರಣದಲ್ಲಿ ಹೆಚ್ಚಿನವರ ಕೆಲಸ ಕೆಡುವುದು ಮೊಬೈಲಿನ ಅತಿ ಜಾಣತನದಿಂದ. ಮಾತು ಸ್ಪಷ್ಟವಾಗಲೆಂದು ಅದು ಹಿನ್ನೆಲೆಯ ಸದ್ದನ್ನು ಅಳಿಸುತ್ತದೆ, ಏರಿಳಿತವನ್ನು ತಾನೇ ಸರಿದೂಗಿಸುತ್ತದೆ. ನಮಗೆ ಬೇಕಾದ ಮರುದನಿ ಆ ಅಳಿಸುವಿಕೆಯಲ್ಲೇ ಹೋಗಿಬಿಡುತ್ತದೆ. ಆ ಸೌಲಭ್ಯಗಳನ್ನೆಲ್ಲ ನಿಲ್ಲಿಸಬಲ್ಲ ರೆಕಾರ್ಡರ್ ಆ್ಯಪ್ ಹುಡುಕಿ, ವೇವ್ ಕಡತವಾಗಿ, ಸೆಕೆಂಡಿಗೆ 44,100 ಅಥವಾ 48,000 ಮಾದರಿಗಳಲ್ಲಿ (ಸ್ಯಾಂಪಲ್) ಉಳಿಸಿ. ಸಾಧ್ಯವಿದ್ದರೆ ಎರಡು ಪುಟ್ಟ ಮೈಕುಗಳನ್ನು ಎರಡೂ ಕಿವಿಯ ಬಾಯಲ್ಲಿ ಅಂಟುಪಟ್ಟಿಯಿಂದ ನಿಲ್ಲಿಸಿ, ಸ್ಟೀರಿಯೋದಲ್ಲಿ ಮುದ್ರಿಸಿ. ತಲೆ ಮತ್ತು ಕಿವಿಯ ಹಾಲೆ ಸದ್ದನ್ನು ತಿದ್ದುವ ರೀತಿಯಿಂದಲೇ ವಸ್ತು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ತಿಳಿಯುವುದು. ಮೇಜಿನ ಮೇಲಿಟ್ಟ ಒಂಟಿ ಮೈಕಿಗೆ ಅದು ಸಿಗದು.

ಜಾಗ ಬಯಲಾಗಿರಲಿ. ಕೋಣೆಯಲ್ಲಿ ಆರು ಕಡೆಯಿಂದಲೂ ಮರುದನಿ ಬಂದು ಕಲಸಿಹೋಗುತ್ತದೆ. ಶಾಲೆಯ ಮೈದಾನ, ಬೆಳಗಿನ ಜಾವ, ಗಾಳಿಯಿಲ್ಲದ ಹೊತ್ತು ಒಳ್ಳೆಯದು. ನನ್ನ ತಮ್ಮ ಕೇರಂ ಬೋರ್ಡನ್ನು ನನ್ನ ಮುಖದ ಎತ್ತರಕ್ಕೆ ಹಿಡಿದು ನಿಲ್ಲುತ್ತಾನೆ: ಮೊದಲು ಒಂದು ಮೀಟರ್, ಆಮೇಲೆ ಎರಡು. ಅದಕ್ಕೂ ಮುಂಚೆ ಎದುರಿಗೆ ಏನೂ ಇಲ್ಲದೆ ಕೆಲವು ಟಕ್ ಮುದ್ರಿಸಿಕೊಳ್ಳಲೇಬೇಕು. ಏಕೆಂದರೆ ನೆಲವೂ ಮರುದನಿ ಕೊಡುತ್ತದೆ. ಬಾಯಿ ನೆಲದಿಂದ ಒಂದೂವರೆ ಮೀಟರ್ ಮೇಲಿದ್ದರೆ ಅದು 9 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬರುತ್ತದೆ, ಬೋರ್ಡ್ ಇರಲಿ ಬಿಡಲಿ. ಖಾಲಿ ಮುದ್ರಣ ಇಲ್ಲದಿದ್ದರೆ ನೆಲವನ್ನೇ ಬೋರ್ಡೆಂದು ನಂಬುತ್ತೀರಿ. ಕಾಲ ಬಳಿ ದಪ್ಪ ಕಂಬಳಿ ಮಡಿಸಿ ಹಾಸಿದರೆ ಅದು ಸ್ವಲ್ಪ ಅಡಗುತ್ತದೆ.

ಈಗ ಸದ್ದನ್ನು ತಿದ್ದುವ ತಂತ್ರಾಂಶವಾದ ಆಡಾಸಿಟಿ ತೆರೆಯಿರಿ. ಉಚಿತ, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಜೊತೆ ಚೆನ್ನಾಗಿ ಹೊಂದುತ್ತದೆ. 500 ಹರ್ಟ್ಜ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರಿನಿಂದ ತೆಗೆದುಹಾಕಿ. ದೂರದ ಲಾರಿ, ಗಾಳಿಯ ಗುಂಯ್ ಎರಡೂ ಹೋಗುತ್ತವೆ. ಒಂದು ಟಕ್ ಆರಿಸಿ ವೇಗವನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಿ. ಸ್ಥಾಯಿಯನ್ನು ಉಳಿಸಿಕೊಂಡು ನಿಧಾನಗೊಳಿಸುವ ಆಯ್ಕೆಯೂ ಅಲ್ಲಿದೆ, ಅದನ್ನು ಮುಟ್ಟಬೇಡಿ. ಚಿಕ್ಕ ಸದ್ದನ್ನು ಅದು ರಾಡಿ ಮಾಡುತ್ತದೆ. ಸ್ಥಾಯಿಯೂ ಇಳಿಯಲಿ. 3,000 ಹರ್ಟ್ಜ್ ಇದ್ದದ್ದು 375ಕ್ಕೆ ಬರುತ್ತದೆ, ಎರಡು ಮೀಟರಿನ ಮರುದನಿಯ ಸುಮಾರು 11.5 ಮಿಲಿಸೆಕೆಂಡಿನ ಅಂತರ 92 ಆಗುತ್ತದೆ. ಕೇಳಿ: ಟೊಕ್, ಹಿಂದೆಯೇ ಮೆಲ್ಲಗೆ ಇನ್ನೊಂದು ಟೊಕ್. ಖಾಲಿ ಮುದ್ರಣದಲ್ಲಿ ಇಲ್ಲದ ಆ ಎರಡನೆಯದು ಬೋರ್ಡು. ಮೊದಲ ಸಲ ಅದನ್ನು ಕೇಳಿದ ಮಕ್ಕಳು ಹಿಗ್ಗುವುದನ್ನು ಕೇಳುವುದೇ ನನಗೆ ಹಬ್ಬ.

ಅಲ್ಲಿಂದ ಹಿಂದಕ್ಕೆ ಬನ್ನಿ: ಕಾಲು ವೇಗ, ಅರ್ಧ ವೇಗ, ಪೂರ್ಣ ವೇಗ. ಪೂರ್ಣ ವೇಗದಲ್ಲಿ ಕಳೆದುಹೋದರೆ ಮೊದಲ 4 ಮಿಲಿಸೆಕೆಂಡು ಬಿಟ್ಟು ಉಳಿದ ಭಾಗವನ್ನು 12 ಡೆಸಿಬೆಲ್ ಹೆಚ್ಚಿಸಿ ಕೇಳಿ; ಆಮೇಲೆ 9, 6, 3 ಎಂದು ಇಳಿಸುತ್ತ ಸೊನ್ನೆಗೆ ತನ್ನಿ. ಅದೇ ಜಾಗದಲ್ಲಿ ಬೋರ್ಡಿನ ಬದಲು ಹತ್ತಿಯ ಹಾಸಿಗೆ ಹಿಡಿಸಿ ಮುದ್ರಿಸಿದರೆ ಮರುದನಿ ಮಂಕಾಗುವುದು ತಿಳಿಯುತ್ತದೆ, ಮೇಲಿನ ಸ್ಥಾಯಿಗಳನ್ನು ಹತ್ತಿ ನುಂಗಿಬಿಡುತ್ತದೆ.

ಪೈಥಾನ್ ಬಲ್ಲವರು ದೂರವನ್ನು ಅಳೆದೂ ನೋಡಬಹುದು. ಟಕ್‌ನ ಮೊದಲ 3 ಮಿಲಿಸೆಕೆಂಡನ್ನು ಅಚ್ಚಾಗಿ ಕತ್ತರಿಸಿ, ಪೈಥಾನಿನ ಗಣಿತ ಸಂಗ್ರಹವಾದ ಸೈಪೈನ ಕೋರಿಲೇಟ್ ಕಾರ್ಯದಿಂದ ಇಡೀ ಮುದ್ರಣದ ಮೇಲೆ ಸರಿಸಿ. ಅಚ್ಚಿಗೆ ಹೋಲುವ ಸದ್ದು ಎಲ್ಲೆಲ್ಲಿದೆಯೋ ಅಲ್ಲಲ್ಲಿ ಶಿಖರ ಏಳುತ್ತದೆ. ಮೊದಲ ಶಿಖರಕ್ಕೂ, ಖಾಲಿ ಮುದ್ರಣದಲ್ಲಿ ಇಲ್ಲದ ಬೋರ್ಡಿನ ಶಿಖರಕ್ಕೂ ನಡುವಿನ ಅಂತರವನ್ನು ಸೆಕೆಂಡಿನಲ್ಲಿ ತೆಗೆದುಕೊಂಡು 348ರಿಂದ ಗುಣಿಸಿ, ಎರಡರಿಂದ ಭಾಗಿಸಿ. 28 ಡಿಗ್ರಿ ಬಿಸಿಲಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಅಷ್ಟು ಮೀಟರ್. ಅಚ್ಚನ್ನು ಅದೇ ಟಕ್‌ನಿಂದ ತೆಗೆಯಿರಿ, ನಮ್ಮ ನಾಲಿಗೆ ಯಂತ್ರವಲ್ಲ.

ಅರ್ಧ ಮೀಟರಿಗಿಂತ ಹತ್ತಿರ ಬಂದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಮರುದನಿ ಟಕ್ ಮುಗಿಯುವ ಮೊದಲೇ ಬಂದು ಅದರಲ್ಲಿ ಬೆರೆಯುತ್ತದೆ. ನಿಧಾನಗೊಳಿಸಿದರೂ ಎರಡಾಗಿ ಒಡೆಯುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಸದ್ದಿನ ಬಣ್ಣ. ಟಕ್ ಬಿಟ್ಟು ಶ್ ಎಂದು ಉದ್ದಕ್ಕೆ ಉಸಿರು ಬಿಡುತ್ತ ಗೋಡೆಯತ್ತ ಮುಖವನ್ನು ಮೆಲ್ಲಗೆ ಒಯ್ಯಿರಿ. ಹತ್ತಿರವಾದಂತೆ ಶಕಾರದೊಳಗೆ ಒಂದು ಸ್ವರ ಮೇಲೇರುವುದು ಕೇಳಿಸುತ್ತದೆ.

ದೂರದ ಅಡೆತಡೆ ಮುಖಕ್ಕೆ ತಟ್ಟುತ್ತದೆಂದು ದೃಷ್ಟಿಯಿಲ್ಲದವರೇ ಬಹುಕಾಲ ನಂಬಿದ್ದರು. ಅದು ಕಿವಿಯ ಕೆಲಸವೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗಗಳು 1944ರಲ್ಲಿ ತೋರಿಸಿದವು; ಪ್ರಯೋಗ ಮಾಡಿದವರಲ್ಲಿ ಒಬ್ಬರಾದ ಮೈಕೆಲ್ ಸೂಪಾ ಸ್ವತಃ ದೃಷ್ಟಿಯಿಲ್ಲದವರು. ಕಿವಿಗೆ ಕೇಳದ ಶ್ರವಣಾತೀತ ಸದ್ದನ್ನು ಹೊರಡಿಸಿ, ಮರಳಿದ್ದನ್ನು ನಿಧಾನಗೊಳಿಸಿ ಕೇಳಿಸುವ ತಲೆಪಟ್ಟಿಯೂ ಪ್ರಯೋಗಶಾಲೆಗಳಲ್ಲಿ ತಯಾರಾಗಿದೆ. ನಾನು ಮಕ್ಕಳಿಗೆ ಹೇಳುವುದು ಬೇರೆ: ಕಂಪ್ಯೂಟರನ್ನು ಕಿವಿ ತಿದ್ದಿಕೊಳ್ಳಲು ಬಳಸಿ, ಬೀದಿಗೆ ಹೊತ್ತೊಯ್ಯಲು ಬೇಡ. ಬಿಳಿ ಕೋಲನ್ನಂತೂ ಬಿಡಲೇಬೇಡಿ. ತೆರೆದ ಚರಂಡಿ, ಕಿತ್ತ ಚಪ್ಪಡಿ, ಮೊಣಕಾಲೆತ್ತರದ ಕಲ್ಲುಗಳಿಗೆ ಟಕ್ ನೆಚ್ಚಿಕೊಳ್ಳುವಂಥದ್ದಲ್ಲ.

ಕಲಿತದ್ದು ನಿಜವೋ ಎಂದು ಪರೀಕ್ಷಿಸಲು ನಾಣ್ಯ ಬೇಕು. ತಮ್ಮನೋ ಅಕ್ಕನೋ ಪ್ರತಿ ಸಲ ನಾಣ್ಯ ಚಿಮ್ಮಿ, ರಾಜ ಬಿದ್ದರೆ ಬೋರ್ಡ್ ಎತ್ತಲಿ, ಇಲ್ಲವಾದರೆ ಕೆಳಗಿಟ್ಟಿರಲಿ. ಎತ್ತುವ ಸದ್ದು ಕೇಳಿಸದಂತೆ ಆ ಹೊತ್ತಿನಲ್ಲಿ ನೀವು ಕಿವಿ ಮುಚ್ಚಿಕೊಂಡು ಗುನುಗುತ್ತಿರಿ, ಭುಜ ತಟ್ಟಿದ ಮೇಲೆ ಟಕ್ ಮಾಡಿ ಉತ್ತರ ಹೇಳಿ. ಇಪ್ಪತ್ತರಲ್ಲಿ ಹತ್ತು ಬರೀ ಊಹೆಗೂ ಸಿಗುತ್ತದೆ. ಹದಿನೇಳು ಹದಿನೆಂಟು ಸರಿ ಬರತೊಡಗಿದಾಗ ಬೋರ್ಡನ್ನು ಅರ್ಧ ಮೀಟರ್ ಹಿಂದಕ್ಕೆ ಸರಿಸಲು ಹೇಳಿ.