ಬಾಂಡ್ ಸಿನಿಮಾಗಳ ಸೈಡ್ ಆಕ್ಟರ್‌ಗಳ ಸಾವು: ಈ ಸೀರೀಸ್ ನಾನು ಮಾಡಿದ್ದು ಹೇಗೆ (ನನ್ನ ಅನುಭವ)

ಹೋದ ತಿಂಗಳು ನನ್ನ ಯೂಟ್ಯೂಬ್ ಚಾನೆಲಲ್ಲಿ ಹದಿನಾರನೇ ಎಪಿಸೋಡ್ ಹಾಕಿದೆ, ಹೆಚ್ಚುಕಡಿಮೆ ಎರಡು ಲಕ್ಷ ವ್ಯೂಸ್ ಬಂತು, ಅದೂ 'ಡಾಕ್ಟರ್ ನೋ' ನಟ ಜಾನ್ ಕಿಟ್ಜ್‌ಮಿಲ್ಲರ್ ಅನ್ನೋ ಹೆಸರನ್ನ ಜನ್ಮದಲ್ಲಿ ಕೇಳದೇ ಇದ್ದೋರಿಂದ. ಎರಡು ವರ್ಷದ ಹಿಂದೆ ಈ ಐಡಿಯಾ ಹೇಳಿದಾಗ ನಮ್ಮ ವಾಟ್ಸಾಪ್ ಗುಂಪಲ್ಲಿ ಒಬ್ರೂ ಹೂಂ ಅಂದಿರ್ಲಿಲ್ಲ. "ಗುರು, ಬಾಂಡ್ ಅಂದ್ರೆ ಜನಕ್ಕೆ ಕಾರು, ಗನ್ನು, ಹೀರೋಯಿನ್ನು. ಅದ್ರಲ್ಲಿ ಸೈಡ್ ಆಕ್ಟರ್ ಸತ್ತ ಕಥೆ ಕನ್ನಡದಲ್ಲಿ ಯಾರ್ ಕೇಳ್ತಾರೆ" ಅಂದ್ರು. ಎಡಿಟಿಂಗ್ ಮಾಡೋ ಹುಡುಗ ಮಾತ್ರ "ಅಣ್ಣ, ನೀವು ಮಾಡಿ, ದುಡ್ಡು ಆಮೇಲೆ ಕೊಡಿ" ಅಂದ. ಆ ಹುಡುಗನಿಗೆ ಇವತ್ತು ಪೂರ್ತಿ ಬಾಕಿ ತೀರ್ಸಿದೀನಿ, ಅದಕ್ಕೇ ಈಗ ಧೈರ್ಯವಾಗಿ ಬರೀತಿದೀನಿ.

ಮೈಕು, ಸಾಫ್ಟ್‌ವೇರು ಇವೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ. ನನ್ನತ್ರ ಇರೋದು ನಾಲ್ಕೂವರೆ ಸಾವಿರದ ಮೈಕು, ರೆಕಾರ್ಡಿಂಗ್ ಬೀರು ಪಕ್ಕ ರಗ್ಗು ಹೊದ್ಕೊಂಡು, ರಾತ್ರಿ ಹನ್ನೊಂದರ ಮೇಲೆ.

ಮೊದಲನೇ ಐದು ಎಪಿಸೋಡ್ ದಂಡ. ಎಲ್ಲಾರ ಥರ ಸಿನಿಮಾ ಕ್ಲಿಪ್ ಹಾಕ್ದೆ, ಎಂಟು ಸೆಕೆಂಡ್ ಮೀರ್ಬಾರ್ದು, ಮಿರರ್ ಮಾಡಿದ್ರೆ ಸಿಕ್ಕಾಕೊಳಲ್ಲ ಅಂತ ಯಾರ್ಯಾರೋ ಹೇಳಿದ್ದೆಲ್ಲ ಮಾಡ್ದೆ. ಐದಕ್ಕೂ ಸಿನಿಮಾ ಕಂಪನಿಯಿಂದ ಕಾಪಿರೈಟ್ ಕ್ಲೇಮ್ ಬಂತು, ಬಂದ ನಾಲ್ಕು ಕಾಸೂ ಅವರ ಖಾತೆಗೆ ಹೋಯ್ತು, ಒಂದಕ್ಕೆ ಸ್ಟ್ರೈಕೂ ಬಿತ್ತು. ಎಡಿಟಿಂಗು, ಹಾರ್ಡ್ ಡಿಸ್ಕು, ಒಂದು ಹಳೇ ಪತ್ರಿಕೆ ಆರ್ಕೈವ್‌ದು ವರ್ಷದ ಚಂದಾ, ಎಲ್ಲ ಸೇರಿ ಮೂವತ್ತೆಂಟು ಸಾವಿರ ಹೋಯ್ತು ಅಂತ ನೆನಪು. ಮನೇಲಿ ಹೇಳಿದ್ದು ಇಪ್ಪತ್ತು.

ಆಮೇಲೆ ಕ್ಲಿಪ್ ಬಿಟ್ಟು ಥಂಬ್‌ನೇಲ್ ಮೇಲೆ ಬಿದ್ದೆ, ಕೆಂಪು ಬಾಣ, ದೊಡ್ಡಕ್ಷರದಲ್ಲಿ "ಭಯಾನಕ ಅಂತ್ಯ". ಅರ್ವೇ ವಿಲ್‌ಶೇಜ್ ಎಪಿಸೋಡು ಅದು, 1974ರ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್'ನಲ್ಲಿ ಕುಳ್ಳಗೆ, ಸೂಟ್ ಹಾಕ್ಕೊಂಡು ವಿಲನ್‌ಗೆ ಊಟ ಬಡಿಸ್ತಾನಲ್ಲ, ನಿಕ್ ನ್ಯಾಕ್, ಅವ್ನು. 1993ರ ಸೆಪ್ಟೆಂಬರ್ 4ಕ್ಕೆ ತಾನೇ ಜೀವ ತಗೊಂಡ, ಐವತ್ತು ವಯಸ್ಸು. ನಾನು ಅದು ಹೇಗಾಯ್ತು ಅನ್ನೋದನ್ನ ಎರಡೂವರೆ ನಿಮಿಷ ಎಳ್ದೆ, ಹಿಂದೆ ಢಂಢಂ ಮ್ಯೂಸಿಕ್ ಬೇರೆ. ಮೂರು ಗಂಟೆಗೆ ಯೂಟ್ಯೂಬಿನ ಹಳದಿ ಡಾಲರ್ ಗುರುತು ಬಂತು, ಜಾಹೀರಾತು ಬಂದ್. ಅದಾದ್ರೂ ಪರ್ವಾಗಿಲ್ಲ. ಮಾರನೇ ದಿನ ಒಬ್ರು ಕಾಮೆಂಟ್ ಹಾಕಿದ್ರು, "ನನ್ನ ತಮ್ಮ ಹೋದ ವರ್ಷ ಹಿಂಗೇ ಹೋದ, ನೀವು ಅದಕ್ಕೆ ಮ್ಯೂಸಿಕ್ ಹಾಕಿದೀರಲ್ಲ ಸಾರ್" ಅಂತ. ಅದನ್ನ ಓದಿ ಊಟ ಸೇರ್ಲಿಲ್ಲ. ವಿಡಿಯೋ ತೆಗ್ದೆ, ಅವರಿಗೆ ಕ್ಷಮೆ ಕೇಳ್ದೆ, ಒಂದೂವರೆ ತಿಂಗಳು ಚಾನೆಲ್ ಕಡೆ ತಲೆ ಹಾಕ್ಲಿಲ್ಲ.

ಆ ಒಂದೂವರೆ ತಿಂಗಳಲ್ಲೇ ದಾರಿ ಸಿಕ್ಕಿದ್ದು. ಸುಮ್ನೆ 'ಫ್ರಂ ರಷ್ಯಾ ವಿತ್ ಲವ್' ಮತ್ತೆ ನೋಡ್ತಿದ್ದೆ, ಕೆರೀಂ ಬೇ ಪಾತ್ರ ಮಾಡಿರೋ ಪೆಡ್ರೋ ಅರ್ಮೆಂಡಾರಿಜ್ ಕೆಲವು ಶಾಟಲ್ಲಿ ಕುಂಟ್ತಾರೆ. ಸಾವಿನ ಬಗ್ಗೆ ಓದಿದ್ದೆ, ಕುಂಟೋದನ್ನ ನೋಡಿರ್ಲಿಲ್ಲ. ಇಸ್ತಾಂಬುಲ್ ಶೂಟಿಂಗ್ ಟೈಮಲ್ಲೇ ಕ್ಯಾನ್ಸರ್ ಅಂತ ಗೊತ್ತಾಗಿತ್ತು, ಉಳಿಯಲ್ಲ ಅಂತಲೂ ಗೊತ್ತಿತ್ತು, ಆದ್ರೂ ಹೆಂಡ್ತಿ ಮಕ್ಕಳಿಗೆ ದುಡ್ಡು ಆಗ್ಲಿ ಅಂತ ಕೆಲ್ಸ ಮುಗಿಸ್ತೀನಿ ಅಂದ್ರು. ಡೈರೆಕ್ಟರ್ ಟೆರೆನ್ಸ್ ಯಂಗ್ ಇಡೀ ಶೆಡ್ಯೂಲ್ ತಿರುಗಿಸಿ ಅವರ ಸೀನೆಲ್ಲ ಮೊದಲು ತೆಗೆದ್ರು, ದೂರದಿಂದ ಕಾಣೋ ಕೆಲವು ಶಾಟಿಗೆ ತಾವೇ ಅವರ ಬದಲು ನಿಂತ್ರು. ತೆರೆ ಮೇಲೆ ಕೆರೀಂ ಬೇ ನಗ್ತಾನೇ ಇರ್ತಾನೆ, ನೋಡಿ. ಆವಾಗ ಹೊಳೀತು, ಈ ಕಥೆನ ಸಾವಿಂದ ಶುರು ಮಾಡ್ಬಾರ್ದು, ಸಾವಲ್ಲಿ ಮುಗಿಸ್ಲೂಬಾರ್ದು, ಅವರು ಕ್ಯಾಮೆರಾ ಮುಂದೆ ನಿಂತ ಕೊನೇ ಕೆಲ್ಸದಿಂದ ಶುರು ಮಾಡ್ಬೇಕು.

ಹೊಸ ಎಪಿಸೋಡು ಹಂಗೇ ಮಾಡ್ದೆ. ಹನ್ನೆರಡು ನಿಮಿಷದಲ್ಲಿ ಹತ್ತು ನಿಮಿಷ ಬರೀ ಶೂಟಿಂಗು. 1963ರ ಜೂನ್ 18, ಲಾಸ್ ಏಂಜಲೀಸ್ ಆಸ್ಪತ್ರೇಲಿ ತಾವೇ ಜೀವ ಕಳ್ಕೊಂಡ್ರು, 51 ವಯಸ್ಸು, ಇಷ್ಟು ಒಂದೇ ಸಾಲು, ಹೇಗೆ ಅನ್ನೋದು ಇಲ್ಲ. ಸಿನಿಮಾ ಲಂಡನ್ನಲ್ಲಿ ಬಿಡುಗಡೆ ಆಗಿದ್ದು ಅದೇ ಅಕ್ಟೋಬರ್‌ನಲ್ಲಿ. ಕೊನೇಗೆ 1989ಕ್ಕೆ ಬಂದೆ, ಅವರ ಮಗ ಪೆಡ್ರೋ ಅರ್ಮೆಂಡಾರಿಜ್ ಜೂನಿಯರ್ 'ಲೈಸೆನ್ಸ್ ಟು ಕಿಲ್'ನಲ್ಲಿ ಪ್ರೆಸಿಡೆಂಟ್ ಪಾತ್ರ ಮಾಡಿದಾರೆ, ಅಪ್ಪ ಮಾಡಿದ ಸೀರೀಸಲ್ಲೇ, 26 ವರ್ಷ ಆದ್ಮೇಲೆ. ಅಲ್ಲಿಗೆ ನಿಲ್ಲಿಸ್ದೆ. ಜನ ಎಷ್ಟು ಹೊತ್ತು ನೋಡಿದ್ರು ಅಂತ ತೋರಿಸೋ ರಿಟೆನ್ಷನ್ ಗ್ರಾಫ್ ನೋಡಿ ನಂಬಕ್ಕಾಗ್ಲಿಲ್ಲ, ಮೊದಲು ನಲವತ್ತು ಸೆಕೆಂಡಿಗೆ ಬೀಳ್ತಿತ್ತು, ಇದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೊನೇವರೆಗೂ ಕೂತಿದ್ರು. ಡಾಲರ್ ಹಸಿರಾಗೇ ಉಳೀತು.

ಒಂದು ಎಚ್ಚರಿಕೆ. ಅರ್ಮೆಂಡಾರಿಜ್ ಬಗ್ಗೆ ಮಾಡಿದ್ರೆ 'ದಿ ಕಾಂಕರರ್' ವಿಷಯ ಬಂದೇ ಬರುತ್ತೆ, 1956ರ ಸಿನಿಮಾ, ಯೂಟಾ ರಾಜ್ಯದಲ್ಲಿ ಶೂಟ್ ಆಗಿದ್ದು, ನೆವಾಡಾದಲ್ಲಿ ಅಣುಬಾಂಬ್ ಪರೀಕ್ಷೆ ಮಾಡ್ತಿದ್ದ ಜಾಗದಿಂದ ಗಾಳಿ ಆ ಕಡೆಗೇ ಬೀಸ್ತಿತ್ತು, ಆ ಟೀಮಲ್ಲಿ ತುಂಬಾ ಜನಕ್ಕೆ ಆಮೇಲೆ ಕ್ಯಾನ್ಸರ್ ಬಂತು. ಆದ್ರೆ ಇವರ ಕಾಯಿಲೆ ಅದ್ರಿಂದಲೇ ಅಂತ ಯಾರೂ ಸಾಬೀತು ಮಾಡಿಲ್ಲ. ಹಂಗೇ ಹೇಳಿ, "ಅಣುಬಾಂಬಿಗೆ ಬಲಿ" ಅಂತ ಥಂಬ್‌ನೇಲ್ ಮಾಡ್ಬೇಡಿ.

ಕ್ಲಿಪ್ ಬದಲಿಗೆ ಇದ್ದಿಲಿನ ಸ್ಕೆಚ್. ಚಿತ್ರಕಲೆ ಓದ್ತಿರೋ ಒಬ್ಬ ಹುಡುಗಿ ಒಂದಕ್ಕೆ ಆರ್ನೂರು ರೂಪಾಯಿ ತಗೋತಾಳೆ, ಎಪಿಸೋಡಿಗೆ ನಾಲ್ಕು ಸಾಕು, ಅವಳು ಬಿಡಿಸೋ ಕೈ ಮೇಲಿಂದ ಮೊಬೈಲಲ್ಲಿ ಶೂಟ್ ಮಾಡ್ತೀನಿ. ಮುಖ ಪೂರ್ತಿ ಆಗೋ ಹೊತ್ತಿಗೂ ನನ್ನ ಮಾತಿಗೂ ಒಂದು ಲೆಕ್ಕ ಇದೆ, ಯಾವ ಸಾಲಿಗೆ ಕಣ್ಣು ಬಿಡಿಸ್ಬೇಕು ಅನ್ನೋದು. ಅದನ್ನ ಇಲ್ಲಿ ಹೇಳಲ್ಲ, ಬೇಜಾರ್ ಮಾಡ್ಕೋಬೇಡಿ, ಹನ್ನೊಂದು ಎಪಿಸೋಡ್ ಕಷ್ಟಪಟ್ಟು ಕಂಡುಕೊಂಡಿದ್ದು. ಮೊದಲ ಇಪ್ಪತ್ತು ಸೆಕೆಂಡಿನ ಮಾತೂ ಅಷ್ಟೇ, ನನ್ನತ್ರಾನೇ ಇರ್ಲಿ.

ಪರಿಶೀಲನೆ ವಿಷಯ ಮಾತ್ರ ಮುಚ್ಚಿಡಲ್ಲ. ಒಂದೇ ದಿನದ ಸುದ್ದಿ ನಂಬಲ್ಲ ನಾನು, ಅದಕ್ಕೆ ಕಾರಣ ತಾನ್ಯಾ ರಾಬರ್ಟ್ಸ್. 'ಎ ವ್ಯೂ ಟು ಎ ಕಿಲ್' ನಾಯಕಿ, 2021ರ ಜನವರಿ 3ಕ್ಕೆ ತೀರ್ಕೊಂಡ್ರು ಅಂತ ಅವರ ಪ್ರಚಾರಕರೇ ಹೇಳಿದ್ರು, ದೊಡ್ಡ ದೊಡ್ಡ ಪತ್ರಿಕೆಗಳೂ ಹಾಕಿದ್ವು, ಆಮೇಲೆ ನೋಡಿದ್ರೆ ಇನ್ನೂ ಜೀವ ಇದೆ, ನಿಜವಾಗಿ ಹೋಗಿದ್ದು 4ನೇ ತಾರೀಖು ರಾತ್ರಿ. ಇನ್ನೊಂದು ಕಡೆ 'ಗೋಲ್ಡ್‌ಫಿಂಗರ್'ನ ಶರ್ಲಿ ಈಟನ್, ಮೈಗೆಲ್ಲ ಚಿನ್ನದ ಬಣ್ಣ ಬಳಿದಿದ್ದಕ್ಕೆ ಚರ್ಮ ಉಸಿರಾಡಕ್ಕಾಗದೆ ಸೆಟ್ಟಲ್ಲೇ ಸತ್ರು ಅಂತ ಕಥೆ, ನಮ್ಮಪ್ಪನೂ ಎಂಜಿ ರೋಡ್ ಪ್ಲಾಜಾ ಟಾಕೀಸಿಂದ ಬಂದು ನನಗೆ ಇದನ್ನೇ ಹೇಳಿದ್ರು. ಪೂರ್ತಿ ಸುಳ್ಳು, ಆಕೆ ಅದಾದ್ಮೇಲೂ ಸಿನಿಮಾ ಮಾಡಿ, ಗಂಡ ಮಕ್ಕಳು ಅಂತ ಎಷ್ಟೋ ದಶಕ ಬಾಳಿದ್ರು. ಹಂಗಾಗಿ ಎರಡು ಬೇರೆ ಬೇರೆ ಕಡೆ ಸಿಕ್ಕಿದ್ರೆ ಮಾತ್ರ ಸ್ಕ್ರಿಪ್ಟಿಗೆ.

ಇಷ್ಟು ಮಾಡಿಯೂ ಎಡವಿದೀನಿ. ಇಲ್ಸೆ ಸ್ಟೆಪಾಟ್ ಎಪಿಸೋಡಲ್ಲಿ, 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್'ನಲ್ಲಿ ಕೊನೇಗೆ ಬಾಂಡ್ ಹೆಂಡ್ತಿಗೆ ಗುಂಡು ಹೊಡೆಯೋ ಇರ್ಮಾ ಬುಂಟ್, ಆಕೆ ಸಿನಿಮಾ ಬಿಡುಗಡೆಗೆ ಮುಂಚೆನೇ ಹೋದ್ರು ಅಂದ್ಬಿಟ್ಟೆ. ಬರ್ಲಿನ್‌ನಲ್ಲಿರೋ ನಮ್ಮ ಕಡೆಯವ್ರೊಬ್ರು ತಿದ್ದಿದ್ರು: ಬಿಡುಗಡೆ 1969ರ ಡಿಸೆಂಬರ್ 18, ಆಕೆ ಹೋಗಿದ್ದು 21ಕ್ಕೆ, ಹೃದಯಾಘಾತ, 52 ವಯಸ್ಸು. ಬರೀ ಮೂರು ದಿನ ನೋಡಿ. ಆ ಪಾತ್ರ ಮುಂದಿನ ಸಿನಿಮಾದಲ್ಲಿ ಬರ್ಲೇ ಇಲ್ಲ, ಬಾಂಡ್ ಹೆಂಡ್ತೀನ ಕೊಂದವಳಿಗೆ ತೆರೆ ಮೇಲೆ ಶಿಕ್ಷೆನೇ ಆಗ್ಲಿಲ್ಲ. ಎಪಿಸೋಡ್ ತೆಗೆದು ಮತ್ತೆ ರೆಕಾರ್ಡ್ ಮಾಡ್ದೆ, ಎರಡು ಸಾವಿರದಷ್ಟು ಖರ್ಚು.

ಜನಕ್ಕೆ ಜಾಸ್ತಿ ತಟ್ಟಿದ್ದು ಕಸಾಂಡ್ರಾ ಹ್ಯಾರಿಸ್. 1981ರ 'ಫಾರ್ ಯುವರ್ ಐಸ್ ಓನ್ಲಿ'ನಲ್ಲಿ ಲಿಸ್ಲ್ ಪಾತ್ರ, ಚಿಕ್ಕದು. ಗಂಡ ಪಿಯರ್ಸ್ ಬ್ರಾಸ್ನನ್, ಆವಾಗ ಅವರನ್ನ ಯಾರೂ ಕೇಳೋರಿರ್ಲಿಲ್ಲ. ಆಕೆ ಅಂಡಾಶಯದ ಕ್ಯಾನ್ಸರಿಂದ 1991ರ ಡಿಸೆಂಬರ್ 28ಕ್ಕೆ ಹೋದ್ರು, 43 ವಯಸ್ಸು, ಗಂಡ ಬಾಂಡ್ ಆಗಿದ್ದು 1995ರಲ್ಲಿ. 2013ರಲ್ಲಿ ಮಗಳು ಷಾರ್ಲಟ್ ಕೂಡ ಅದೇ ಕಾಯಿಲೆಗೆ ಹೋದ್ರು. ಇದರ ಕೆಳಗೆ ಹೆಣ್ಮಕ್ಕಳು ಬರೆದಿರೋ ಕಾಮೆಂಟು ನಾನೂರರ ಮೇಲಿವೆ, ಅಮ್ಮನ ಬಗ್ಗೆ, ಅಕ್ಕನ ಬಗ್ಗೆ, ಬಹಳ ಜನ ಟೆಸ್ಟ್ ಮಾಡಿಸ್ಕೊಂಡ್ವಿ ಅಂತಾನೂ ಬರ್ದಿದಾರೆ. ಅದಕ್ಕಿಂತ ದೊಡ್ಡ ದುಡ್ಡು ನನಗೆ ಬಂದಿಲ್ಲ.

ಡೆಸ್ಮಂಡ್ ಲೆವೆಲಿನ್ ಎಪಿಸೋಡ್ ಸುಲಭ ಅಂದ್ಕೊಂಡಿದ್ದೆ, ಬಾಂಡ್‌ಗೆ ಹೊಸ ಹೊಸ ಸಾಧನ ಕೊಡೋ ಕ್ಯೂ ಪಾತ್ರ ಎಲ್ಲರಿಗೂ ಗೊತ್ತು, ಹದಿನೇಳು ಸಿನಿಮಾ. ಎರಡನೇ ಮಹಾಯುದ್ಧದಲ್ಲಿ ಐದು ವರ್ಷ ಜರ್ಮನ್ನರ ಸೆರೇಲಿದ್ದೋರು. 1999ರ ನವೆಂಬರ್‌ನಲ್ಲಿ ಬಂದ 'ದಿ ವರ್ಲ್ಡ್ ಈಸ್ ನಾಟ್ ಇನಫ್'ನಲ್ಲಿ ಬಾಂಡ್‌ಗೆ ಬುದ್ಧಿ ಹೇಳಿ ನಿಧಾನಕ್ಕೆ ನೆಲದೊಳಗೆ ಇಳೀತಾರಲ್ಲ, ಅದೇ ಕೊನೇದು. ಡಿಸೆಂಬರ್ 19ಕ್ಕೆ ಸಸೆಕ್ಸ್‌ನಲ್ಲಿ ಕಾರ್ ಅಪಘಾತ, 85 ವಯಸ್ಸು. ಇದಕ್ಕೆ ಶಂಕರ್‌ನಾಗ್ ಅವರ 1990ರ ಆನಗೋಡು ಅಪಘಾತ ಜೋಡಿಸ್ಬೇಕು ಅಂತ ನೋಡ್ದೆ, ಬರ್ದೂ ಆಯ್ತು, ಓದಕ್ಕೆ ಕೂತ್ರೆ ಗಂಟ್ಲು ಕಟ್ಕೊಂತು. ಬಿಟ್ಟೆ. ಆ ನೋವು ಬೇರೆ, ಅದನ್ನ ಇನ್ನೊಬ್ಬರ ಕಥೆಗೆ ಬಾಲ ಮಾಡ್ಬಾರ್ದು.

ಕಿಟ್ಜ್‌ಮಿಲ್ಲರ್ ಗೆದ್ದಿದ್ದು ನನ್ನ ಹಠಕ್ಕೆ. 'ಡಾಕ್ಟರ್ ನೋ'ನಲ್ಲಿ ಬಾಂಡ್ ಜೊತೆ ದೋಣಿ ನಡೆಸೋ ಕ್ವಾರೆಲ್. ಯುದ್ಧಕ್ಕೆ ಇಟಲಿಗೆ ಬಂದ ಕಪ್ಪು ಅಮೆರಿಕನ್ ಸೈನಿಕ, ಅಲ್ಲೇ ಉಳಿದು ನಟ ಆದ, 1957ರಲ್ಲಿ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ತಗೊಂಡ, ಕಪ್ಪು ನಟನಿಗೆ ಅಲ್ಲಿ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಐದು ವರ್ಷ ಆದ್ಮೇಲೆ ಬಾಂಡ್ ಸಿನಿಮಾದಲ್ಲಿ ಅವನಿಗೆ ಸಿಕ್ಕಿದ್ದು ಶೂ ಎತ್ಕೊಂಡು ಬಾ ಅನ್ನಿಸ್ಕೊಳ್ಳೋ ಪಾತ್ರ. 1965ರಲ್ಲಿ ರೋಮ್‌ನಲ್ಲಿ ಲಿವರ್ ಹಾಳಾಗಿ ಹೋದ, 51. ಇದನ್ನ ಹೇಳೋವಾಗ ನನ್ನ ದನಿಯಲ್ಲಿ ಸಿಟ್ಟಿತ್ತು, ತೆಗೆಯಣ್ಣ ಅಂದ ಎಡಿಟರ್ರು, ತೆಗೀಲಿಲ್ಲ.

ವಿಲ್‌ಶೇಜ್ ಎಪಿಸೋಡೂ ಮತ್ತೆ ಮಾಡ್ದೆ, ಈ ಸಲ ಥಾಯ್ಲೆಂಡ್ ದ್ವೀಪದ ಶೂಟಿಂಗಿಂದ, ಅವನು ಮೊದಲು ಪೇಂಟರ್ ಅನ್ನೋದ್ರಿಂದ. ಇಂಥ ಎಪಿಸೋಡಿನ ಕೆಳಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಹಾಕ್ತೀನಿ, ದಿನದ ಯಾವ ಹೊತ್ತಲ್ಲೂ ಕನ್ನಡದಲ್ಲಿ ಮಾತಾಡ್ತಾರೆ, ನಮ್ಮ ನಿಮ್ಹಾನ್ಸ್ ಇದರ ಹಿಂದಿದೆ. ನೀವೂ ಹಾಕಿ. ಆವತ್ತು ಕಾಮೆಂಟ್ ಮಾಡಿದ್ದೋರಿಗೆ ಮೊದಲು ಲಿಂಕ್ ಕಳ್ಸಿ, ಹಾಕ್ಲಾ ಅಂತ ಕೇಳ್ದೆ. ಎರಡು ದಿನ ಬಿಟ್ಟು "ಹಾಕಿ ಸಾರ್" ಅಂದ್ರು.

ದುಡ್ಡಿನ ಲೆಕ್ಕ: ಈಗ ತಿಂಗಳಿಗೆ ಹನ್ನೊಂದು ಹನ್ನೆರಡು ಸಾವಿರ ಬರುತ್ತೆ, ಖರ್ಚು ಐದು. ಒಂದು ನಿಮಿಷದ ಶಾರ್ಟ್ಸ್ ಮಾಡಿ ನೋಡ್ದೆ, ವ್ಯೂಸ್ ಸುರೀತು, ಕಾಸು ಬರ್ಲಿಲ್ಲ, ನಿಲ್ಲಿಸ್ದೆ.

ಈಗ ಕೈ ಹಾಕಿರೋದು ನಮ್ಮದೇ ಬಾಂಡ್‌ಗೆ, ದೊರೈ ಭಗವಾನ್ ಜೋಡಿಯ ಸಿಐಡಿ 999, 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ನಾಲ್ಕು ಸಿನಿಮಾ. ರಾಜಣ್ಣನ ಬಗ್ಗೆ ಬರ್ದಿರೋದು ಬೆಟ್ಟದಷ್ಟಿದೆ, ಅವರ ಕೈಲಿ ಏಟು ತಿಂದು ಬಿದ್ದೋರ ಬಗ್ಗೆ ಎರಡು ಸಾಲು ಹುಡ್ಕಕ್ಕೆ ಮೂರು ಸಲ ಬೆಂಗಳೂರಿಗೆ ಬಸ್ ಹತ್ತಿದೀನಿ. ಎರಡು ಸಲ ಬರಿಗೈ. ಮೂರನೇ ಸಲ ಗಾಂಧಿನಗರದಲ್ಲಿ ಹಳೇ ಫೈಟರ್ ಒಬ್ರು ಸಿಕ್ಕಿದ್ರು, ಎಂಬತ್ತು ದಾಟಿದೆ, ಕಾಫಿ ಕುಡೀತಾ ಬೆರಳಲ್ಲಿ ಎಣಿಸ್ಕೊಂಡು ಏಳು ಹೆಸರು ಹೇಳಿದ್ರು. ಅದ್ರಲ್ಲಿ ಮೂವರ ಮನೆ ಸಿಕ್ಕಿದೆ. ಒಂದು ಮನೇಲಿ ಫೋಟೋ ಕೂಡ ಇರ್ಲಿಲ್ಲ, ಮಗ ಅಪ್ಪನ ಮುಖ ಹೇಗಿತ್ತು ಅಂತ ಫೋನಲ್ಲಿ ಹೇಳ್ತಾ ಹೋದ್ರು, ನಮ್ಮ ಹುಡುಗಿ ಬಿಡಿಸ್ತಾ ಹೋದ್ಲು, ನಾಲ್ಕನೇ ಸಲಕ್ಕೆ "ಮೂಗು ಸರಿಯಾಯ್ತಮ್ಮ" ಅಂದ್ರು. ಕಣ್ಣು ಇನ್ನೂ ಬಾಕಿ ಇದೆ.