ಹತ್ತರ ಕಟ್ಟಿನಲ್ಲಿ ಹಳೆ ನೋಟು ಹುಡುಕುವುದು ಹೇಗೆ?

ಹಳೆ ನೋಟು ಕೂಡಿಡುವ ಆಸೆ ಇದ್ದರೆ ಮೊದಲೇ ಡೀಲರ್ ಹತ್ತಿರ ಹೋಗಿ ದುಡ್ಡು ಸುರಿಯಬೇಕಾಗಿಲ್ಲ. ನಿಮ್ಮೂರಿನ ಬ್ಯಾಂಕಿನಲ್ಲೇ ಮುಖಬೆಲೆಗೆ ಒಳ್ಳೊಳ್ಳೆ ನೋಟು ಸಿಗುತ್ತವೆ. ಯಾವ ಕಟ್ಟಿಗೆ ಕೈ ಹಾಕಬೇಕು ಅಂತ ಗೊತ್ತಿರಬೇಕು, ಅಷ್ಟೇ.

ನೂರು, ಐನೂರರ ನೋಟಿನ ಆಸೆ ಬಿಡಿ. ನೂರು ಮತ್ತು ಅದಕ್ಕಿಂತ ದೊಡ್ಡ ನೋಟುಗಳನ್ನು ಮೆಷಿನ್‌ನಲ್ಲಿ ಪರೀಕ್ಷಿಸಿದ ಮೇಲೆಯೇ ಬ್ಯಾಂಕುಗಳು ಮತ್ತೆ ಕೊಡಬೇಕು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ. ಮಾಸಿದ ಹಳೆ ನೋಟು ಅಲ್ಲೇ ಬೇರೆಯಾಗಿ, ಕೊನೆಗೆ ಚೂರಾಗುತ್ತದೆ. ಎಟಿಎಂನಲ್ಲಂತೂ ಹುಡುಕುವುದೇ ಬೇಡ. ಹತ್ತು, ಇಪ್ಪತ್ತರ ನೋಟು ಹಾಗಲ್ಲ. ಅಂಗಡಿ, ಬಸ್ಸು, ದೇವಸ್ಥಾನದ ಹುಂಡಿ ಅಂತ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತವೆ.

ಬ್ಯಾಂಕಿಗೆ ಹೋಗುವ ಹೊತ್ತೂ ಮುಖ್ಯ. ತಿಂಗಳ ಮೊದಲ ವಾರ ಪಿಂಚಣಿ, ಸಂಬಳದ ಗದ್ದಲ. ಆಗ ಕ್ಯಾಷಿಯರ್ ತಲೆ ತಿನ್ನಬೇಡಿ. ತಿಂಗಳ ನಡುವೆ, ಕ್ಯೂ ಕರಗಿದ ಮೇಲೆ ಹೋಗಿ. "ಸಾರ್, ಹತ್ತರದ್ದು ಒಂದು ಕಟ್ಟು ಕೊಡ್ತೀರಾ? ಹೊಸದು ಬೇಡ, ಹಳೇದೇ ಇರಲಿ" ಅಂತ ಕೇಳಿ. ಎಲ್ಲರೂ ಗರಿಗರಿ ನೋಟೇ ಕೇಳುವಾಗ ಹಳೇದು ಕೇಳುವವರಿಗೆ ಬೇಡ ಅನ್ನುವವರು ಕಡಿಮೆ. ಒಂದು ಕಟ್ಟಿನಲ್ಲಿ 100 ನೋಟು, ಅಂದರೆ 1,000 ರೂಪಾಯಿ. ಕೌಂಟರ್ ಬಿಡುವ ಮೊದಲೇ ಎಣಿಸಿಕೊಳ್ಳಿ. ಹತ್ತಿರದ ದೇವಸ್ಥಾನದ ಹುಂಡಿ ದುಡ್ಡು ಜಮಾ ಆಗುವ ಶಾಖೆ ಯಾವುದು ಅಂತ ತಿಳಿದುಕೊಂಡರೆ ಇನ್ನೂ ಒಳ್ಳೆಯದು. ಎಷ್ಟೋ ವರ್ಷ ಡಬ್ಬಿಯಲ್ಲಿ ಮಲಗಿದ್ದ ನೋಟು ಹರಕೆಯ ಜೊತೆ ಹೊರಗೆ ಬರುವುದು ಅಲ್ಲೇ.

ಮನೆಗೆ ತಂದ ಕಟ್ಟನ್ನು ಬೆನ್ನು ಮೇಲಾಗಿ ಇಟ್ಟುಕೊಳ್ಳಿ. ಹಳೆ ವಿನ್ಯಾಸದ ನೋಟಾದರೆ ಹಿಂಬದಿಯ ಕೆಳಗೆ, ನಡುವೆ, ಹೊಸ ವಿನ್ಯಾಸದ್ದಾದರೆ ಹಿಂಬದಿಯ ಎಡಗಡೆ, ಮುದ್ರಣದ ವರ್ಷ ಸಣ್ಣದಾಗಿ ಇರುತ್ತದೆ. ವರ್ಷ ಹಾಕುವ ಪದ್ಧತಿ ಶುರುವಾಗಿದ್ದು 2005ರಲ್ಲಿ. ವರ್ಷವೇ ಇಲ್ಲದ ನೋಟು ಕಂಡರೆ ತಕ್ಷಣ ಪಕ್ಕಕ್ಕಿಡಿ, ಅದು ಅದಕ್ಕಿಂತ ಹಿಂದಿನದು. ಆಮೇಲೆ ಮುಂಬದಿ ತಿರುಗಿಸಿ ಗವರ್ನರ್ ಸಹಿ ನೋಡಿ. 1996ರಲ್ಲಿ ಗಾಂಧೀಜಿ ಸರಣಿ ಬಂದಾಗ ಸಿ. ರಂಗರಾಜನ್ ಗವರ್ನರ್. ನಂತರ ಬಿಮಲ್ ಜಲಾನ್, ವೈ.ವಿ. ರೆಡ್ಡಿ, ಡಿ. ಸುಬ್ಬರಾವ್, ರಘುರಾಮ್ ರಾಜನ್. ಸಹಿಗೊಂದು ನೋಟಿನಂತೆ ಜೋಡಿಸುತ್ತಾ ಹೋದರೂ ಒಳ್ಳೆಯ ಸಂಗ್ರಹವಾಗುತ್ತದೆ.

ಈಗ ನಂಬರ್. ಅಂಕಿಗಳ ಹಿಂದೆ ಮಸುಕಾಗಿ ಒಂದು ಇಂಗ್ಲಿಷ್ ಅಕ್ಷರ ಕಾಣಬಹುದು. ಸಂಗ್ರಹಕಾರರು ಇದನ್ನು ಇನ್‌ಸೆಟ್ ಅನ್ನುತ್ತಾರೆ. ಕೆಲವು ನೋಟುಗಳಲ್ಲಿ ಇದು ಇರುವುದೇ ಇಲ್ಲ. ಒಂದೇ ವರ್ಷ, ಒಂದೇ ಸಹಿ ಇದ್ದರೂ ಇನ್‌ಸೆಟ್ ಬೇರೆಯಾದರೆ ಅದು ಬೇರೆ ನೋಟು ಅಂತಲೇ ಲೆಕ್ಕ. ನಂಬರಿನ ನಡುವೆ ನಕ್ಷತ್ರ ಇದ್ದರೆ ಅದು ಸ್ಟಾರ್ ನೋಟು. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಕಟ್ಟಿಗೆ ಸೇರಿಸಿದ್ದು. 10, 20, 50ರಲ್ಲಿ 2006ರಿಂದ ಬಂದಿವೆ. ಇಂಥದ್ದು ಬಿಡಲೇಬೇಡಿ.

ಐವತ್ತರ ನೋಟಿನಲ್ಲಿ ಗಾಂಧೀಜಿ ಇಲ್ಲದೆ ಅಶೋಕ ಸ್ತಂಭ ಇದ್ದರೆ ಅದೃಷ್ಟ ಅನ್ನಿ. ಹಿಂಬದಿಯ ಸಂಸತ್ ಭವನವನ್ನು ಭೂತಗನ್ನಡಿಯಲ್ಲಿ ನೋಡಿ. ಮೊದಲು ಬಂದ ನೋಟುಗಳಲ್ಲಿ ಕಂಬದ ಮೇಲೆ ಬಾವುಟವೇ ಇಲ್ಲ, ಆಮೇಲೆ ಬಂದವುಗಳಲ್ಲಿ ಇದೆ. ಒಂದು ರೂಪಾಯಿಯದ್ದಾದರೆ ಗವರ್ನರ್ ಸಹಿ ಹುಡುಕಬೇಡಿ, ಅದು ಸರ್ಕಾರದ ನೋಟು, ಸಹಿ ಹಣಕಾಸು ಕಾರ್ಯದರ್ಶಿಯದ್ದು. ಅದರ ಮುದ್ರಣ 1994ರಲ್ಲಿ ನಿಂತು 2015ರಲ್ಲಿ ಮತ್ತೆ ಶುರುವಾಯಿತು.

ಸಿಕ್ಕಿದ್ದನ್ನು ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಹರಿದಲ್ಲಿ ಟೇಪ್ ಅಂಟಿಸಬೇಡಿ. ಪಿವಿಸಿ ಪ್ಲಾಸ್ಟಿಕ್ ಕಾಲಕ್ರಮೇಣ ಕಾಗದ ಕೆಡಿಸುತ್ತದೆ, ಪಿವಿಸಿ ಅಲ್ಲದ ಕವರ್ ಕೇಳಿ ತನ್ನಿ. ಬೇಡದ ನೋಟುಗಳನ್ನು ಖರ್ಚಿಗೆ ಬಳಸಿ, ಇಲ್ಲವೇ ಖಾತೆಗೆ ಕಟ್ಟಿ.

"786 ನಂಬರಿನ ನೋಟಿಗೆ ಲಕ್ಷ ಕೊಡ್ತೀವಿ, ಮೊದಲು ಶುಲ್ಕ ಕಟ್ಟಿ" ಅಂತ ಫೋನ್ ಬಂದರೆ ಒಂದು ಪೈಸೆಯೂ ಕೊಡಬೇಡಿ. ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಹೀಗೆ ಮೋಸ ನಡೆಯುತ್ತಿದೆ ಅಂತ 2021ರಲ್ಲಿ ಆ ಬ್ಯಾಂಕೇ ಎಚ್ಚರಿಸಿದೆ. ಇನ್ನು 2016ರಲ್ಲಿ ರದ್ದಾದ 500, 1,000ದ ನೋಟು ಮನೆಯಲ್ಲಿ ಉಳಿದಿದ್ದರೆ, 2017ರ ಕಾನೂನಿನ ಪ್ರಕಾರ ಯಾರೇ ಆದರೂ 10 ನೋಟಿನ ತನಕ ಇಟ್ಟುಕೊಳ್ಳಬಹುದು. ನಾಣ್ಯ-ನೋಟು ಸಂಗ್ರಹ ಅಥವಾ ಅಧ್ಯಯನಕ್ಕಾದರೆ 25ರ ತನಕ. ಅದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ದಂಡ ಬೀಳುತ್ತದೆ.